ಒಂದು ಗುಡ್ಡ, ಮೂರು ಸರ್ಕಾರ

(ಸಕಲೇಶಪುರದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಬಿಸಿಲೆ ಘಾಟಿಗೆ ಹೋಗದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಭಾನುವಾರ ಬಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಎದುರಿಗೆ ಕುಮಾರ ಪರ್ವತ, ಕೆಳಗೆ ಸುಬ್ರಹ್ಮಣ್ಯದ ಕಾಡು. ಈಗ ಅದು ಮೂರು ಜಿಲ್ಲೆ ಸೇರುವ ಜಾಗ: ಹಾಸನ, ಕೊಡಗು, ದಕ್ಷಿಣ ಕನ್ನಡ. ನೂರು ವರ್ಷದ ಹಿಂದೆ ಅದೇ ಬಂಡೆ ಮೇಲೆ ನಿಂತವನ ಕಣ್ಣಿಗೆ ಬೀಳುತ್ತಿದ್ದದ್ದು ಮೂರು ಸರ್ಕಾರ. ಅವನು ನಿಂತ ನೆಲ ಮೈಸೂರು ಮಹಾರಾಜರದ್ದು. ಎಡಗಡೆ ಗುಡ್ಡ ದಾಟಿದರೆ ಕೊಡಗು, ಅಲ್ಲಿ ಬ್ರಿಟಿಷರ ಚೀಫ್ ಕಮಿಷನರ್ ಆಳ್ವಿಕೆ. ಘಾಟಿ ಇಳಿದರೆ ಮದ್ರಾಸ್ ಪ್ರಾಂತ್ಯ, ಕಾನೂನು ಬರುತ್ತಿದ್ದದ್ದು ಮದ್ರಾಸಿನಿಂದ.

ಇದು ಬರೀ ನಕ್ಷೆಯ ಮಾತಲ್ಲ. ನಮ್ಮ ಶುಕ್ರವಾರಸಂತೆ ಮೈಸೂರಿಗೆ ಸೇರಿತ್ತು. ಶನಿವಾರಸಂತೆ ಕೊಡಗಿಗೆ ಸೇರಿತ್ತು. ಬುಟ್ಟಿ ಹೊತ್ತುಕೊಂಡು ಎರಡೂ ಸಂತೆ ಮಾಡುವ ವ್ಯಾಪಾರಿ ಶುಕ್ರವಾರ ಮಹಾರಾಜರ ಕಾನೂನಿನ ಕೆಳಗೆ ಮೆಣಸಿನಕಾಯಿ ಮಾರಿ, ಶನಿವಾರ ವೈಸರಾಯ್ ಕಾನೂನಿನ ಕೆಳಗೆ ಅದನ್ನೇ ಮಾರುತ್ತಿದ್ದ. ಎರಡೂ ಕಡೆ ಕನ್ನಡವೇ, ಎರಡೂ ಕಡೆ ಅದೇ ಮಳೆ, ಅದೇ ಜಿಗಣೆ.

ಈ ಮೂರೂ ಕಡೆ ಜನರ ಪ್ರತಿನಿಧಿ ಅನ್ನುವವನು ಯಾವಾಗ ಬಂದ, ಬಂದಾಗ ಅವನ ಕೈಯಲ್ಲಿ ಏನಿತ್ತು, ಇವತ್ತಿನ ಮಾತು ಅದರ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಜಗಳ ಆಡಬಹುದು. ಮೂವರಲ್ಲಿ ರೈತನನ್ನು ಸಭೆಗೆ ಕರೆದು ಕೂರಿಸಿದವರಲ್ಲಿ ಮೈಸೂರೇ ಮೊದಲು. ಆದರೆ ಆಯ್ಕೆಯಾದವರ ಕೈಗೆ ಅಧಿಕಾರ ಕೊಡುವ ಹೊತ್ತಿಗೆ ಮೈಸೂರು ಮದ್ರಾಸಿಗಿಂತ ತುಂಬಾ ಹಿಂದೆ ಬಿದ್ದಿತ್ತು. ಹಾಗೇಕಾಯಿತು?

ಸಭೆಗಳು ಬರುವ ಮೊದಲು ಏನಿತ್ತು ಅಂತ ನೋಡೋಣ. ಮೈಸೂರಲ್ಲಿ 1830ರ ಸುಮಾರಿಗೆ ನಗರ ಸೀಮೆಯಲ್ಲಿ, ಅಂದರೆ ಈಗಿನ ಶಿವಮೊಗ್ಗದ ಕಡೆ, ರೈತರು ಎದ್ದರು. ಕಂದಾಯದ ಹೊರೆ, ಅಮಲ್ದಾರರ ಕಾಟ ಸಾಕಾಗಿತ್ತು. ಊರೂರಲ್ಲಿ ಕೂಟ ಸೇರಿ, ಕಂದಾಯ ಕಟ್ಟುವುದಿಲ್ಲ ಅಂದರು. ನಮ್ಮ ಪಕ್ಕದ ತರೀಕೆರೆಯ ಪಾಳೆಯಗಾರ ಮನೆತನವೂ ಅದರಲ್ಲಿ ಸೇರಿಕೊಂಡಿತು. ಬ್ರಿಟಿಷರು ದಂಗೆ ಅಡಗಿಸಿದರು, ಅದನ್ನೇ ನೆಪ ಮಾಡಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಕೊಡಗು 1834ರಲ್ಲಿ ಕಂಪನಿ ಪಾಲಾಯಿತು. ಆಗ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಅಲ್ಲಿ ತನಕ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತನಿಗೆ ಇನ್ನು ಮೇಲೆ ದುಡ್ಡಲ್ಲೇ ಕಟ್ಟು ಅಂದರು. ಭತ್ತ ಕಣದಲ್ಲಿದೆ, ದುಡ್ಡು ಎಲ್ಲಿಂದ ತರುವುದು? 1837ರಲ್ಲಿ ಅವರು ದಂಡು ಕಟ್ಟಿಕೊಂಡು ಮಂಗಳೂರಿಗೇ ನುಗ್ಗಿದರು. ಅದನ್ನೇ ಕಲ್ಯಾಣಪ್ಪನ ಕಾಟಕಾಯಿ ಅಂತ ನೀವು ಕೇಳಿರುತ್ತೀರಿ.

ಎರಡೂ ದಂಗೆಗೆ ಕಾರಣ ಕಂದಾಯ. ತನ್ನ ಹತ್ತಿರ ಯಾವ ರೂಪದಲ್ಲಿ, ಎಷ್ಟು ಎತ್ತುತ್ತೀರಿ ಅಂತ ಕೇಳುವುದಕ್ಕೆ ರೈತನಿಗೆ ಒಂದು ಬಾಗಿಲೂ ಇರಲಿಲ್ಲ. ಇದ್ದದ್ದು ಅರ್ಜಿ, ಇಲ್ಲವೇ ಕತ್ತಿ. ಅರ್ಜಿ ಯಾರೂ ಓದುತ್ತಿರಲಿಲ್ಲ.

ಮೈಸೂರಲ್ಲಿ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ ನಡೆಯಿತು. ಕಬ್ಬನ್ ಕಾಲ, ಬೌರಿಂಗ್ ಕಾಲ. ರಸ್ತೆ ಆಯಿತು, ಕಚೇರಿ ಆಯಿತು, ನಮ್ಮ ಕಡೆ ಕಾಫಿ ತೋಟ ಹಬ್ಬಿತು. ಜನರನ್ನು ಕೇಳುವ ಪದ್ಧತಿ ಮಾತ್ರ ಬರಲಿಲ್ಲ. ಆಮೇಲೆ 1876ರಿಂದ 78ರ ತನಕ ಧಾತು, ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಎಣಿಸಿದರೆ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಸುಮಾರು ಎಂಟೂ ಮುಕ್ಕಾಲು ಲಕ್ಷ ಕಮ್ಮಿ ಆಗಿತ್ತು.

ಅಂಥ ರಾಜ್ಯವನ್ನು 1881ರ ಮಾರ್ಚ್ 25ರಂದು ಹತ್ತನೇ ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರು. ಪುಕ್ಕಟೆ ಕೊಡಲಿಲ್ಲ. ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ನಿಗದಿ ಮಾಡಿದರು. ಬರದಿಂದ ಖಜಾನೆ ಖಾಲಿಯಾಗಿದ್ದರಿಂದ ಹೆಚ್ಚಿಸಿದ ಭಾಗವನ್ನು ಕೆಲವು ವರ್ಷ ಮುಂದಕ್ಕೆ ಹಾಕಿದರು ಅಷ್ಟೇ. ಆಗ ಸಂಸ್ಥಾನದ ಒಟ್ಟು ಆದಾಯ ಒಂದು ಕೋಟಿಯ ಆಸುಪಾಸು. ಮೂರರಲ್ಲಿ ಒಂದು ಪಾಲು ಬ್ರಿಟಿಷರಿಗೇ! ಅದರ ಮೇಲೆ ಇನ್ನೊಂದು ಷರತ್ತು: ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ವೈಸರಾಯ್ ಒಪ್ಪಿಗೆ ಇಲ್ಲದೆ ಬದಲಾಯಿಸುವ ಹಾಗಿಲ್ಲ. ಬೆಂಗಳೂರಲ್ಲಿ ಬ್ರಿಟಿಷರ ಪ್ರತಿನಿಧಿ, ರೆಸಿಡೆಂಟ್, ಕೂತು ನೋಡುತ್ತಿರುತ್ತಾನೆ. ಸಂಸ್ಥಾನ ಅಂದ ಕೂಡಲೇ ನಾವು ಸ್ವತಂತ್ರ ರಾಜ್ಯ ಅಂತ ಅಂದುಕೊಳ್ಳುತ್ತೇವೆ. ಅದು ಕಡಿವಾಣ ಹಾಕಿದ ರಾಜ್ಯ.

ದಿವಾನ್ ಸಿ. ರಂಗಾಚಾರ್ಲು. ಮದ್ರಾಸ್ ಕಡೆಯಿಂದ ಬಂದ ಅಧಿಕಾರಿ, ಲೆಕ್ಕದಲ್ಲಿ ಬಲು ಗಟ್ಟಿ. ಎಷ್ಟು ಗಟ್ಟಿ ಅಂದರೆ, ಖರ್ಚು ಉಳಿಸಲು ಎಂಟು ಜಿಲ್ಲೆಗಳಲ್ಲಿ ಎರಡನ್ನು ರದ್ದು ಮಾಡಿದರು. ಒಂದು ಚಿತ್ರದುರ್ಗ. ಇನ್ನೊಂದು? ನಮ್ಮ ಹಾಸನ! ಹಾಸನ ಮತ್ತೆ ಜಿಲ್ಲೆ ಆದದ್ದು 1886ರಲ್ಲಿ. ನಮ್ಮ ಜಿಲ್ಲೆಯನ್ನೇ ಅಳಿಸಿದ ದಿವಾನರು ನಮಗೆ ಪ್ರತಿನಿಧಿಯನ್ನೂ ಕೊಟ್ಟರು ಅನ್ನುವುದು ತಮಾಷೆಯೇ ಸರಿ.

1881ರ ಆಗಸ್ಟಿನಲ್ಲಿ ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಜನ. ಜನ ಆಯ್ಕೆ ಮಾಡಿದವರಲ್ಲ, ಸರ್ಕಾರದ ಕಡೆಯಿಂದಲೇ ಆರಿಸಿದವರು. ತಾಲ್ಲೂಕಿಗೆ ಒಬ್ಬಿಬ್ಬರು ಅನುಕೂಲಸ್ಥ ರೈತರು, ಜಿಲ್ಲೆಗೆ ಮೂರ್ನಾಲ್ಕು ವ್ಯಾಪಾರಿಗಳು.

ಇಲ್ಲಿಂದ ಹೊರಟವರನ್ನು ಸುಮ್ನೆ ಕಣ್ಣ ಮುಂದೆ ತಂದುಕೊಳ್ಳಿ. ಆಗ ಇದು ಮಂಜರಾಬಾದ್ ತಾಲ್ಲೂಕು. ಹಾಸನಕ್ಕೆ ರೈಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲು ಪೂರ್ತಿಯಾದದ್ದೇ ಮುಂದಿನ ವರ್ಷ. ಮಳೆ ಇನ್ನೂ ಸರಿಯಾಗಿ ಬಿಟ್ಟಿಲ್ಲ. ಗದ್ದೆಯಲ್ಲಿ ಭತ್ತ ಇದೆ. ಪಟೇಲರೊಬ್ಬರು ಗಾಡಿ ಕಟ್ಟಿಸಿ, ಬುತ್ತಿ ಕಟ್ಟಿಸಿ, ಹಾಸನ, ಹೊಳೆನರಸೀಪುರದ ದಾರಿ ಹಿಡಿದು ಮೈಸೂರಿಗೆ ಹೋಗಬೇಕು. ಹೋಗಿ ಕೂರಬೇಕಾದದ್ದು ದಿವಾನರ ಎದುರಿಗೆ. ಊರಲ್ಲಿ ಅಮಲ್ದಾರ ಬಂದರೆ ಎದ್ದು ನಿಲ್ಲುವ ಮನುಷ್ಯ, ಅಮಲ್ದಾರನ ಮೇಲಿನವನ ಮೇಲಿನವನ ಎದುರು ಕೂತಿದ್ದಾನೆ. ದಿವಾನರು ಕಾಗದ ಹಿಡಿದು ವರದಿ ಕೊಡುತ್ತಿದ್ದಾರೆ: ಈ ವರ್ಷ ಇಷ್ಟು ಆದಾಯ, ಇಷ್ಟು ಖರ್ಚು, ಮುಂದೆ ಇದನ್ನು ಮಾಡಬೇಕು ಅಂತಿದ್ದೇವೆ.

ಇದನ್ನು ಕಡೆಗಣಿಸಬೇಡಿ. ರಾಜ್ಯದ ಲೆಕ್ಕವನ್ನು ಒಬ್ಬ ರೈತನ ಎದುರು ಓದಬೇಕು ಅನ್ನುವ ಯೋಚನೆ ಅಲ್ಲಿ ತನಕ ಈ ನೆಲದಲ್ಲಿ ಯಾರಿಗೂ ಬಂದಿರಲಿಲ್ಲ.

ರಂಗಾಚಾರ್ಲು ಯಾಕೆ ಇದನ್ನು ಮಾಡಿದರು? ಸರ್ಕಾರದ ಕೆಲಸ ಜನರ ಇಷ್ಟಕ್ಕೆ, ಹಿತಕ್ಕೆ ಹತ್ತಿರ ಇರಬೇಕು ಅಂತ ಆಜ್ಞೆಯಲ್ಲೇ ಕಾರಣ ಕೊಟ್ಟಿದ್ದಾರೆ. ಅದನ್ನು ನಾನು ನಂಬುತ್ತೇನೆ. ಜೊತೆಗೆ ಇನ್ನೊಂದು ಕಾರಣವೂ ಇತ್ತು ಅಂತ ನನ್ನ ಅನಿಸಿಕೆ. ಹಿಂದೆ ಜನ ದಂಗೆ ಎದ್ದರು ಅಂತ ನೆಪ ಹೇಳಿಯೇ ಬ್ರಿಟಿಷರು ರಾಜ್ಯ ಕಿತ್ತುಕೊಂಡಿದ್ದರು. ಹೊಸ ಸರ್ಕಾರಕ್ಕೆ ಜನ ನಮ್ಮ ಜೊತೆ ಇದ್ದಾರೆ ಅಂತ ತೋರಿಸುವ ಅಗತ್ಯ ಇತ್ತು. ಊರಲ್ಲಿ ಏನು ಕುದಿಯುತ್ತಿದೆ ಅಂತ ಮುಂಚೆಯೇ ಗೊತ್ತಾಗುವ ಅಗತ್ಯವೂ ಇತ್ತು. ಇದರಲ್ಲಿ ತಪ್ಪೇನಿಲ್ಲ. ಒಳ್ಳೇ ಕೆಲಸಕ್ಕೆ ಒಂದೇ ಕಾರಣ ಇರಬೇಕು ಅಂತೇನಿಲ್ಲವಲ್ಲ. ರಂಗಾಚಾರ್ಲು 1883ರ ಜನವರಿಯಲ್ಲೇ ತೀರಿಕೊಂಡರು. ಇನ್ನಷ್ಟು ಬದುಕಿದ್ದರೆ ಈ ಸಭೆಯನ್ನು ಎಲ್ಲಿಗೆ ತರುತ್ತಿದ್ದರೋ.

ಆ ಸಭೆಗೆ ಅಧಿಕಾರ ಏನಿತ್ತು? ಏನೂ ಇಲ್ಲ. ಕೇಳಬಹುದು, ಹೇಳಬಹುದು. ಮತ ಹಾಕುವಂತಿಲ್ಲ, ಕಾನೂನು ಮಾಡುವಂತಿಲ್ಲ, ಖರ್ಚು ತಡೆಯುವಂತಿಲ್ಲ. ಹಾಗಾಗಿ ಸದಸ್ಯರು ಏನು ಮಾಡಿದರು ಅಂದರೆ, ಕೇಳುವುದನ್ನೇ ಕಸುಬು ಮಾಡಿಕೊಂಡರು. ಕೆರೆ ಏರಿ, ರಸ್ತೆ, ಶಾಲೆ, ಗೋಮಾಳ, ಕಾಡಿನ ಸೊಪ್ಪು, ಕಂದಾಯದ ಕಂತು. ವರ್ಷ ವರ್ಷವೂ ಅದನ್ನೇ. ಸಭೆಯ ನಡಾವಳಿ ಓದಿದರೆ ಕೆಲವು ಕಡೆ ಗ್ರಾಮಸಭೆಯಲ್ಲೇ ಕೂತ ಹಾಗೆ ಅನಿಸುತ್ತದೆ. ಬೇಜಾರೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಚುನಾವಣೆ ಬಂದದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ. ಮತ ಯಾರಿಗೆ? ಇಷ್ಟು ಅಂತ ಕಂದಾಯ ಕಟ್ಟುವವರಿಗೆ, ಇಷ್ಟು ಅಂತ ಮನೆ-ಅಂಗಡಿ ತೆರಿಗೆ ಕಟ್ಟುವವರಿಗೆ, ಡಿಗ್ರಿ ಇದ್ದವರಿಗೆ. ಗೇಣಿದಾರನಿಗೆ ಇಲ್ಲ. ತೋಟದ ಆಳಿಗೆ ಇಲ್ಲವೇ ಇಲ್ಲ. ಕಾಫಿ ತೋಟದವರ ಸಂಘಗಳಿಂದಲೂ ಪ್ರತಿನಿಧಿಗಳು ಬರುತ್ತಿದ್ದರು. ಬಿಳಿಯ ತೋಟದ ದೊರೆಗಳಿಗೆ ಈ ಸಭೆಯೇ ಬೇಕಂತಿರಲಿಲ್ಲ. ಅವರಿಗೆ ನೇರವಾಗಿ ರೆಸಿಡೆಂಟ್ ಮನೆಯ ಬಾಗಿಲೇ ತೆರೆದಿತ್ತು. ಆದರೂ ಕೆಲವರು ಬಂದು ಕೂತರು. ಕಾಫಿ ತೆರಿಗೆ, ರಸ್ತೆ, ಮುಂಗಡ ತಗೊಂಡು ಓಡಿಹೋಗುವ ಆಳು, ಇದೇ ಅವರ ದೂರು. ಆ ಆಳಿನ ದೂರನ್ನು ಹೇಳುವವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಪ್ರತಿನಿಧಿಗಳಿಗೆ ಆಗಲೇ ಪೂರ್ತಿ ಅಧಿಕಾರ ಕೊಟ್ಟಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು ಅಂತ ನೀವು ಅಂದುಕೊಳ್ಳುತ್ತಿರಬಹುದು. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವ ಹಾಗಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆ ಆಗುವ ಹಾಗಿಲ್ಲ. ಇವತ್ತು ಕೇಳಿದರೆ ಇಷ್ಟೇನಾ ಅನಿಸುತ್ತದೆ, ಅಲ್ವಾ? ಇಷ್ಟಕ್ಕೇ ಪ್ರಜಾಪ್ರತಿನಿಧಿ ಸಭೆಯಲ್ಲಿ ಜೋರು ವಿರೋಧ ಬಂತು. ಶಾಸ್ತ್ರ, ಸಂಪ್ರದಾಯ, ಸರ್ಕಾರಕ್ಕೆ ನಮ್ಮ ಮನೆಯೊಳಗೆ ಏನು ಕೆಲಸ, ಇತ್ಯಾದಿ. ಸಭೆಯ ಮಾತಿಗೆ ಕಟ್ಟುಬೀಳಬೇಕಿಲ್ಲದ ಸರ್ಕಾರ ಇದ್ದುದರಿಂದಲೇ ಕಾನೂನು ಪಾಸಾಯಿತು. ಆಸ್ತಿ ಇದ್ದ ಗಂಡಸರೇ ತುಂಬಿದ ಸಭೆ ಎಂಟು ವರ್ಷದ ಹುಡುಗಿಯ ಪರ ನಿಲ್ಲಲಿಲ್ಲ. ಅಧಿಕಾರ ಎಷ್ಟು ಅನ್ನುವುದರ ಜೊತೆ, ಅಲ್ಲಿ ಯಾರು ಕೂತಿದ್ದಾರೆ ಅನ್ನುವುದನ್ನೂ ಕೇಳಬೇಕಾಗುತ್ತದೆ.

ಈಗ ಶಿರಾಡಿ ಇಳಿದು ಮದ್ರಾಸ್ ಕಡೆ ಹೋಗೋಣ. ಅಲ್ಲಿ ಎಲ್ಲವೂ ಲಂಡನ್ನಿನ ಪಾರ್ಲಿಮೆಂಟ್ ಪಾಸು ಮಾಡಿದ ಕಾನೂನಿನ ಪ್ರಕಾರ. 1857ರ ದಂಗೆ ಮುಗಿದ ಮೇಲೆ, 1861ರಲ್ಲಿ, ಗವರ್ನರನ ಕೌನ್ಸಿಲಿಗೆ ಕೆಲವು ಅಧಿಕಾರಿಗಳಲ್ಲದವರನ್ನೂ ನೇಮಕ ಮಾಡಬಹುದು ಅಂದರು. 1882ರಲ್ಲಿ ವೈಸರಾಯ್ ರಿಪನ್ ಸ್ಥಳೀಯ ಸಂಸ್ಥೆಗಳ ನಿರ್ಣಯ ತಂದ. ಅದರ ಹಿಂದೆಯೇ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು ಬಂದವು. 1892ರಲ್ಲಿ ಬಜೆಟ್ ಬಗ್ಗೆ ಮಾತಾಡಬಹುದು, ಪ್ರಶ್ನೆ ಕೇಳಬಹುದು ಅಂದರು. ಆದರೆ ಉತ್ತರ ಕೇಳಿ ಮೇಲಿಂದ ಇನ್ನೊಂದು ಪ್ರಶ್ನೆ ಹಾಕುವ ಹಾಗಿಲ್ಲ! 1909ರಲ್ಲಿ ಅದಕ್ಕೂ ಒಪ್ಪಿದರು, ಜೊತೆಗೆ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಮಾಡಿದರು. ಒಂದು ಉಪಪ್ರಶ್ನೆ ಕೇಳುವ ಹಕ್ಕು ಬರಲು ಹದಿನೇಳು ವರ್ಷ. ಆಮೆನಡಿಗೆ ಅಂದರೆ ಆಮೆಗೂ ಅವಮಾನ.

ಸುಮ್ಮನೆ ಕೂತಿದ್ದರೆ ಇವು ಬರುತ್ತಿದ್ದವೇ? 1885ರಲ್ಲಿ ಕಾಂಗ್ರೆಸ್ ಹುಟ್ಟಿ ವರ್ಷ ವರ್ಷ ಕೌನ್ಸಿಲ್ ವಿಸ್ತರಿಸಿ ಅಂತ ಕೇಳಿದ ಮೇಲೆ 1892. ಬಂಗಾಳ ಒಡೆದು, ಸ್ವದೇಶಿ ಚಳವಳಿ ಹೊತ್ತಿಕೊಂಡ ಮೇಲೆ 1909. ಮೊದಲ ಮಹಾಯುದ್ಧಕ್ಕೆ ಲಕ್ಷಾಂತರ ಸಿಪಾಯಿಗಳು ಹೋಗಿ, ಹೋಂ ರೂಲ್ ಗದ್ದಲ ಎದ್ದ ಮೇಲೆ 1919.

ಈ 1919ರ ಸುಧಾರಣೆ ಸ್ವಾರಸ್ಯದ್ದು. ಪ್ರಾಂತ್ಯದ ಸರ್ಕಾರವನ್ನು ಎರಡು ಭಾಗ ಮಾಡಿದರು. ಶಿಕ್ಷಣ, ಆರೋಗ್ಯ, ಕೃಷಿ, ಸ್ಥಳೀಯ ಸಂಸ್ಥೆ, ಇವು ಆಯ್ಕೆಯಾದ ಮಂತ್ರಿಗಳಿಗೆ. ಪೊಲೀಸು, ಕಂದಾಯ, ಹಣಕಾಸು ಗವರ್ನರನ ಕೈಯಲ್ಲೇ. ಸೊಸೆಗೆ ಅಡುಗೆಮನೆ ಬಿಟ್ಟುಕೊಟ್ಟು, ಉಗ್ರಾಣದ ಬೀಗದಕೈ ಅತ್ತೆ ತನ್ನ ಸೊಂಟದಲ್ಲೇ ಇಟ್ಟುಕೊಂಡ ಹಾಗೆ. ಅಡುಗೆ ಕೆಟ್ಟರೆ ಬೈಗುಳ ಮಾತ್ರ ಸೊಸೆಗೆ.

ಇದನ್ನು ಒಳಗಿದ್ದು ಅನುಭವಿಸಿದವರು ಮದ್ರಾಸಿನ ಮಂತ್ರಿ ಕೆ. ವಿ. ರೆಡ್ಡಿ ನಾಯುಡು. ಸುಧಾರಣೆ ಹೇಗೆ ನಡೆಯುತ್ತಿದೆ ಅಂತ ವಿಚಾರಿಸಲು 1924ರಲ್ಲಿ ಒಂದು ಸಮಿತಿ ಕೂತಿತು. ಇವರು ಅದರ ಮುಂದೆ ಹೇಳಿದ್ದರ ತಿರುಳು ಇಷ್ಟು: ನಾನು ಅಭಿವೃದ್ಧಿ ಮಂತ್ರಿ, ಆದರೆ ಕಾಡು ನನ್ನದಲ್ಲ. ಕೃಷಿ ಮಂತ್ರಿ, ಆದರೆ ನೀರಾವರಿ ನನ್ನದಲ್ಲ. ಕೈಗಾರಿಕಾ ಮಂತ್ರಿ, ಆದರೆ ಕಾರ್ಖಾನೆ, ವಿದ್ಯುತ್ತು, ಗಣಿ, ಕಾರ್ಮಿಕರು ಯಾವುದೂ ನನ್ನದಲ್ಲ. ಕೃಷಿ ಗೊತ್ತಿರುವ ನೀವೇ ಹೇಳಿ, ನೀರು ಬಿಟ್ಟು ಕೃಷಿ ಇಲಾಖೆ ನಡೆಸುವುದು ಹೇಗೆ? ರೈತ ಬಂದು ಕಾಲುವೆಗೆ ನೀರು ಬಿಡಿಸಿ ಅಂದರೆ, ಅದು ನನ್ನ ಕೈಯಲ್ಲಿಲ್ಲಪ್ಪ, ಬೇಕಾದರೆ ಬೀಜ ಕೊಡಿಸುತ್ತೇನೆ ಅನ್ನಬೇಕು.

ಆದರೂ ನನಗೆ ಇದು ದೊಡ್ಡ ಹೆಜ್ಜೆ ಅಂತಲೇ ಕಾಣುತ್ತದೆ. ಅರೆಬರೆ ಆದರೂ ಮಂತ್ರಿ ಆಯ್ಕೆಯಾಗಿ ಬಂದವನು. ಚುನಾವಣೆಯಲ್ಲಿ ಸೋತರೆ ಮನೆಗೆ ಹೋಗುವವನು. 1920ರಲ್ಲಿ ಜಸ್ಟಿಸ್ ಪಕ್ಷ ಮದ್ರಾಸಲ್ಲಿ ಮಂತ್ರಿಮಂಡಲ ಮಾಡಿದಾಗ ಪುತ್ತೂರಿನವನಿಗೆ, ಬಂಟ್ವಾಳದವನಿಗೆ ಬೈಯುವುದಕ್ಕೆ ಒಬ್ಬ ಮಂತ್ರಿ ಸಿಕ್ಕಿದ. ಘಾಟಿ ಮೇಲಿದ್ದ ನಮಗೆ ಆ ಭಾಗ್ಯ ಇರಲಿಲ್ಲ. ದಿವಾನರನ್ನು ಬೈದರೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

1921ರಲ್ಲಿ ಮದ್ರಾಸು ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಅದೇ ಮೊದಲು. 1926ರಲ್ಲಿ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ ಆ ಕೌನ್ಸಿಲಿಗೆ ಚುನಾವಣೆಗೆ ನಿಂತರು. ಕೂದಲೆಳೆಯಲ್ಲಿ ಸೋತರು. ಸೋತರೇನು, ಹೆಂಗಸು ಮನೆ ಮನೆಗೆ ಹೋಗಿ ಮತ ಕೇಳುವುದನ್ನು ದಕ್ಷಿಣ ಕನ್ನಡ ನೋಡಿತು.

ಕೊಡಗಿನ ಕಥೆ ಚಿಕ್ಕದು. ಮೈಸೂರಿನ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ರೆಸಿಡೆಂಟ್ ಬೆಂಗಳೂರಲ್ಲಿದ್ದ ಅಂತ ಹೇಳಿದೆನಲ್ಲ, ಅವನೇ ಕೊಡಗಿನ ಚೀಫ್ ಕಮಿಷನರ್ ಕೂಡ! ಒಂದೇ ಮೇಜು. ಒಂದು ಫೈಲಿನಲ್ಲಿ ಮಹಾರಾಜರಿಗೆ ಸಲಹೆ, ಇನ್ನೊಂದು ಫೈಲಿನಲ್ಲಿ ಕೊಡವರಿಗೆ ಆಜ್ಞೆ. 1881ರಿಂದ 1940ರ ತನಕ ಹೀಗೇ ನಡೆಯಿತು. ಮಡಿಕೇರಿಯಲ್ಲಿ ಒಂದು ಶಾಸನ ಸಭೆ ಬಂದದ್ದೇ 1924ರಲ್ಲಿ. ಒಟ್ಟು 20 ಸದಸ್ಯರು, ಅದರಲ್ಲಿ 15 ಜನ ಆಯ್ಕೆಯಾದವರು. ಜಮ್ಮ ಹಿಡುವಳಿದಾರರಿಗೆ ಬೇರೆ, ಉಳಿದ ರೈತರಿಗೆ ಬೇರೆ, ಯುರೋಪಿಯನ್ ತೋಟದವರಿಗೆ ಬೇರೆ ಅಂತ ಸ್ಥಾನ ಹಂಚಿದ್ದರು. ಜಮ್ಮ ಅಂದರೆ ಗೊತ್ತಲ್ಲ, ರಾಜನಿಗೆ ದಂಡಿನ ಸೇವೆ ಮಾಡುತ್ತಿದ್ದ ಮನೆತನಗಳಿಗೆ ಕಡಿಮೆ ಕಂದಾಯಕ್ಕೆ ಬಿಟ್ಟ ಭೂಮಿ.

ಸಂಖ್ಯೆ ನೋಡಿ. ನಾಲ್ಕರಲ್ಲಿ ಮೂರು ಪಾಲು ಆಯ್ಕೆಯಾದವರು. ಅದೇ ಹೊತ್ತಿನ ಮೈಸೂರು ಶಾಸನ ಸಭೆಯಲ್ಲಿ ಅರ್ಧವೂ ಇರಲಿಲ್ಲ. ಹಾಗಂತ ಕೊಡಗು ಮುಂದಿತ್ತಾ? ಇಲ್ಲ. ಆ ಹದಿನೈದು ಜನ ಒಟ್ಟಾಗಿ ಒಂದು ಮಾತು ಹೇಳಿದರೂ ಚೀಫ್ ಕಮಿಷನರ್ ಬೇಡ ಅಂದರೆ ಬೇಡ. ಅವರಲ್ಲಿ ಯಾರೂ ಮಂತ್ರಿ ಆಗುವ ಹಾಗಿಲ್ಲ. ಪ್ರಾಂತ್ಯಗಳ ಆಡಳಿತವನ್ನು ಆಯ್ಕೆಯಾದ ಮಂತ್ರಿಗಳಿಗೆ ಕೊಟ್ಟ 1935ರ ದೊಡ್ಡ ಕಾನೂನು ಬಂದಾಗಲೂ ಕೊಡಗಿನ ಕೌನ್ಸಿಲನ್ನು ಇದ್ದ ಹಾಗೇ ಬಿಟ್ಟರು. ಸಭೆಯಲ್ಲಿ ಎಷ್ಟು ಜನ ಆಯ್ಕೆಯಾದವರು ಅಂತ ಎಣಿಸಿ ಸುಧಾರಣೆ ಅಳೆಯುವವರಿಗೆ ನಾನು ಯಾವಾಗಲೂ ಕೊಡಗನ್ನು ತೋರಿಸುತ್ತೇನೆ.

ಇನ್ನೊಂದು ಸಣ್ಣ ಸುತ್ತು, ಸಮುದ್ರದಾಚೆ. ಸಿಲೋನ್, ಈಗಿನ ಶ್ರೀಲಂಕಾ, ನಮ್ಮ ಹಾಗೇ ಬ್ರಿಟಿಷರ ಕೆಳಗಿತ್ತು, ನಮ್ಮ ಹಾಗೇ ಕಾಫಿ ದೇಶವೂ ಆಗಿತ್ತು, ಎಲೆ ರೋಗ ಬಂದು ಎಲ್ಲ ಹಾಳಾಗುವ ತನಕ. ಅಲ್ಲಿ 1931ರಲ್ಲಿ 21 ತುಂಬಿದ ಗಂಡಸು, ಹೆಂಗಸು ಎಲ್ಲರಿಗೂ ಮತ ಕೊಟ್ಟರು. ಅದೇ ಬ್ರಿಟಿಷರು ನಮ್ಮಲ್ಲಿ 1935ರಲ್ಲೂ ಆಸ್ತಿ ಎಷ್ಟು, ಓದು ಎಷ್ಟು ಅಂತ ಕೇಳಿಯೇ ಮತ ಕೊಟ್ಟದ್ದು. ಜನ ಇನ್ನೂ ತಯಾರಾಗಿಲ್ಲ ಅನ್ನುವುದು ಅವರ ಹಳೇ ಮಾತು. ಕೊಲಂಬೊದ ಕೂಲಿಯವನು ತಯಾರಾಗಿದ್ದ, ಸುಳ್ಯದ ಕೂಲಿಯವನು ತಯಾರಾಗಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಮತ್ತೆ ಮೈಸೂರಿಗೆ ಬರೋಣ. 1907ರಲ್ಲಿ ಒಂದು ಸಣ್ಣ ನ್ಯಾಯ ವಿಧಾಯಕ ಸಭೆ, ಅಂದರೆ ಶಾಸನ ಸಭೆ, ಮಾಡಿದರು. ಜಗನ್ಮೋಹನ ಅರಮನೆಯಲ್ಲಿ ಅದರ ಮೊದಲ ಅಧಿವೇಶನ ನಡೆಯಿತು. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಅದನ್ನು ದೊಡ್ಡದು ಮಾಡಿ, ಪ್ರಶ್ನೆ ಕೇಳುವ, ಬಜೆಟ್ ಚರ್ಚೆ ಮಾಡುವ ಅವಕಾಶ ಕೊಟ್ಟರು. 1917ರಿಂದ ಪ್ರಜಾಪ್ರತಿನಿಧಿ ಸಭೆ ದಸರಾ ಅಲ್ಲದೆ ಮಹಾರಾಜರ ವರ್ಧಂತಿಯ ಹೊತ್ತಿಗೂ ಸೇರತೊಡಗಿತು. ವರ್ಷಕ್ಕೆ ಎರಡು ಸಲ.

ಅದೇ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅವರ ಪ್ರಶ್ನೆ ನೇರವಾಗಿತ್ತು: ಸರ್ಕಾರಿ ಕೆಲಸದಲ್ಲಿ, ಸಭೆಯಲ್ಲಿ ಎಲ್ಲ ಕಡೆ ಒಂದೇ ಜಾತಿಯವರು ಯಾಕೆ? 1918ರಲ್ಲಿ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ಆಯಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಆಗಲಿಲ್ಲ, ಹುದ್ದೆ ಬಿಟ್ಟರು. ಸಮಿತಿ ಹಿಂದುಳಿದವರಿಗೆ ಕೆಲಸದಲ್ಲಿ ಪಾಲು ಕೊಡಿ ಅಂದಿತು, ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಕೊಂಡರು. ಅಣೆಕಟ್ಟು, ಬ್ಯಾಂಕು, ಕಾರ್ಖಾನೆ ವಿಷಯದಲ್ಲಿ ವಿಶ್ವೇಶ್ವರಯ್ಯನವರಿಗೆ ನಾನೂ ಕೈಮುಗಿಯುತ್ತೇನೆ. ಈ ವಿಷಯದಲ್ಲಿ ಮಹಾರಾಜರೇ ಮುಂದೆ ನೋಡಿದವರು ಅನ್ನುವುದು ನನ್ನ ಖಚಿತ ಅಭಿಪ್ರಾಯ.

1923ರಲ್ಲಿ ದೊಡ್ಡ ಬದಲಾವಣೆ ಆಯಿತು. ಬ್ರಜೇಂದ್ರನಾಥ ಶೀಲ್ ಸಮಿತಿಯ ವರದಿ ಇಟ್ಟುಕೊಂಡು ಎರಡೂ ಸಭೆಗಳಿಗೆ ಕಾನೂನಿನ ಬಲ ಕೊಟ್ಟರು. ಅಲ್ಲಿ ತನಕ ಪ್ರಜಾಪ್ರತಿನಿಧಿ ಸಭೆ ನಡೆಯುತ್ತಿದ್ದದ್ದು ಸರ್ಕಾರದ ಆಜ್ಞೆಯ ಮೇಲೆ. ಇನ್ನು ಮುಂದೆ ಹೊಸ ತೆರಿಗೆ ಹಾಕಬೇಕಾದರೆ ಆ ಸಭೆಯನ್ನು ಕೇಳಬೇಕು. ಶಾಸನ ಸಭೆಗೆ ಬಜೆಟ್ಟಿನ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಬಂತು. ಹೆಂಗಸರಿಗೂ ಮತ ಬಂತು. ಆದರೆ ಆ ಶಾಸನ ಸಭೆಯ 50 ಜನರಲ್ಲಿ ಆಯ್ಕೆಯಾದವರು 22. ಸಭೆ ಕಡಿತ ಮಾಡಿದ್ದನ್ನು ಸರ್ಕಾರ ಮತ್ತೆ ಸೇರಿಸಿಕೊಳ್ಳಬಹುದಿತ್ತು. ದಿವಾನರು ಜವಾಬ್ದಾರಿ ಹೇಳಬೇಕಾದದ್ದು ಮಹಾರಾಜರಿಗೆ.

ಅಲ್ಲಿಗೆ ನಿಂತಿತು. ಹದಿನೈದು ವರ್ಷ ಹಂದಾಡಲಿಲ್ಲ. ನನ್ನ ಪ್ರಕಾರ ಇದಕ್ಕೆ ಕಾರಣ ಮೈಸೂರಿನ ಒಳ್ಳೆಯತನವೇ! ರಸ್ತೆ ಇತ್ತು, ವಿದ್ಯುತ್ತು ಇತ್ತು, ವಿಶ್ವವಿದ್ಯಾನಿಲಯ ಇತ್ತು, ಮಾದರಿ ಸಂಸ್ಥಾನ ಅಂತ ಹೊರಗಿನವರೆಲ್ಲ ಹೊಗಳುತ್ತಿದ್ದರು. ಹಳೇ ಸಭೆ ಇದೆಯಲ್ಲ, ಹೇಳಿದ್ದು ಕೇಳುತ್ತಾರಲ್ಲ, ಇನ್ನೇನು ಬೇಕು ಅನ್ನುವವರು ಜಾಸ್ತಿ ಇದ್ದರು. ಚೆನ್ನಾಗಿ ಕೇಳಿಸಿಕೊಳ್ಳುವ ದಿವಾನರು ಇದ್ದ ಕಡೆ, ದಿವಾನರೇ ಬೇಡ ಅನ್ನುವುದು ಕಷ್ಟ. ಮದ್ರಾಸಲ್ಲಿ ಗವರ್ನರ್ ಪರದೇಶಿ. ಅವನನ್ನು ತಳ್ಳಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

1937ರ ಜುಲೈನಲ್ಲಿ ರಾಜಾಜಿ ಮದ್ರಾಸಿನ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಮಂತ್ರಿಯನ್ನು ಹಾಗೇ ಕರೆಯುತ್ತಿದ್ದದ್ದು. ಜೈಲಿಗೆ ಹೋಗಿ ಬಂದವರು ಸರ್ಕಾರ ನಡೆಸುತ್ತಿದ್ದಾರೆ. ಮಂಗಳೂರಲ್ಲಿ ಕಾಂಗ್ರೆಸ್ ಬಾವುಟ ಹಿಡಿದುಕೊಂಡು ಮೆರವಣಿಗೆ ಮಾಡಿದರೆ ಪೊಲೀಸರು ಪಕ್ಕದಲ್ಲಿ ನಡೆಯುತ್ತಾರೆ. ಘಾಟಿ ಹತ್ತಿ ಇಲ್ಲಿ ಅದೇ ಬಾವುಟ ಹಾರಿಸಿದರೆ ಅಪರಾಧ. 1938ರ ಏಪ್ರಿಲ್ 11ರಂದು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಹಲವರು ಸತ್ತರು. ಮಾದರಿ ಸಂಸ್ಥಾನದಲ್ಲಿ!

ಆಮೇಲೆ ಎಲ್ಲ ಚುರುಕಾಯಿತು. ಸರ್ದಾರ್ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದರು, ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು. ಆಡಳಿತ ಸುಧಾರಣೆಗೆ ಶ್ರೀನಿವಾಸ ಅಯ್ಯಂಗಾರ್ ಸಮಿತಿ ಕೂತಿತು. 1940ರಲ್ಲಿ ಹೊಸ ಕಾನೂನು ಬಂತು. ಶಾಸನ ಸಭೆಯ 68 ಜನರಲ್ಲಿ 44 ಜನ ಆಯ್ಕೆಯಾದವರು, ಪ್ರಜಾಪ್ರತಿನಿಧಿ ಸಭೆಯಲ್ಲಿ 310 ಜನ. ಅಧಿಕಾರಿಗಳಲ್ಲದವರಿಗೂ ಮಂತ್ರಿ ಸ್ಥಾನ. ಆದರೆ ಮಂತ್ರಿಮಂಡಲವನ್ನು ಇಳಿಸುವ ಶಕ್ತಿ ಸಭೆಗೆ ಆಗಲೂ ಬರಲಿಲ್ಲ.

ಅದು ಬಂದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಆಗಸ್ಟ್ 15 ಆಗಿಹೋಗಿದೆ, ಮದ್ರಾಸಲ್ಲಿ ಜನರ ಸರ್ಕಾರ ಇದೆ, ಮೈಸೂರಲ್ಲಿ ಇನ್ನೂ ದಿವಾನರು. ಜನ ಮೈಸೂರು ಚಲೋ ಅಂತ ಹೊರಟರು. ಹುಡುಗರು ಶಾಲೆ ಬಿಟ್ಟರು, ಜೈಲು ತುಂಬಿದವು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮೊದಲ ಸಭೆ ಸೇರಿ 66 ವರ್ಷ. ಮದ್ರಾಸಲ್ಲಿ ಆಯ್ಕೆಯಾದವರು ಮೊದಲ ಸಲ ಮಂತ್ರಿಗಳಾಗಿ 27 ವರ್ಷ. ಪ್ರಜಾಪ್ರತಿನಿಧಿ ಸಭೆಯನ್ನು 1949ರಲ್ಲಿ ಮುಚ್ಚಿದರು.

ಕೊಡಗು ಇನ್ನೂ ಕಾಯಿತು. ಅದಕ್ಕೆ ಮಂತ್ರಿಗಳು ಸಿಕ್ಕಿದ್ದು 1952ರ ಚುನಾವಣೆ ಆದ ಮೇಲೆಯೇ. ಅಷ್ಟು ಹೊತ್ತಿಗೆ ಇಲ್ಲಿ, ಹಾಸನ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ, ತೋಟದ ಆಳೂ ತೋಟದ ಯಜಮಾನನೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದ್ದರು.

ಆ ವರ್ಷ ಕೊಡಗಿನ ವಿಧಾನಸಭೆಗೆ 24 ಸ್ಥಾನ. ಚುನಾವಣೆಯ ವಿಷಯ ಒಂದೇ: ಮೈಸೂರಿಗೆ ಸೇರಬೇಕೋ ಬೇಡವೋ. ಸೇರೋಣ ಅಂದದ್ದು ಕಾಂಗ್ರೆಸ್, 15 ಸ್ಥಾನ ಗೆದ್ದಿತು. ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. ಬೇಡ ಅಂದವರು ಪಂದ್ಯಂಡ ಬೆಳ್ಳಿಯಪ್ಪನವರ ಜೊತೆಗಿದ್ದವರು, ತಕ್ಕಡಿ ಗುರುತಿನವರು, 9 ಸ್ಥಾನ. ಬೆಳ್ಳಿಯಪ್ಪನವರು ಗಾಂಧೀವಾದಿ, ಬ್ರಿಟಿಷರ ಎದುರು ನಿಂತವರು. ಅವರೇನೂ ಹಳೇ ಚೀಫ್ ಕಮಿಷನರ್ ಬೇಕು ಅನ್ನಲಿಲ್ಲ. ಇಷ್ಟು ವರ್ಷ ಕಾದು ಈಗ ತಾನೇ ನಮ್ಮದೊಂದು ಸಭೆ ಸಿಕ್ಕಿದೆ, ಅದನ್ನು ಕೈಯಾರೆ ಬಿಟ್ಟುಕೊಡಬೇಕಾ ಅನ್ನುವ ಪ್ರಶ್ನೆ ಆ ಕಡೆಯವರದ್ದು. 1956ರ ನವೆಂಬರ್ 1ಕ್ಕೆ ಆ ಸಭೆ ಮುಗಿಯಿತು. ಆಮೇಲೆ ಬೆಂಗಳೂರಿನ ವಿಧಾನಸಭೆಯಲ್ಲಿ ಕೊಡಗಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರು ಕ್ಷೇತ್ರ ಇದ್ದವು. 2008ರಲ್ಲಿ ಅದೂ ಎರಡಾಯಿತು. ಮಡಿಕೇರಿಯಲ್ಲಿ ಈ ವಿಷಯ ಎತ್ತಿದರೆ ಈಗಲೂ ಜಗಳ ಆಗುತ್ತದೆ. ಹೋಬಳಿಗೊಬ್ಬ ಶಾಸಕ ಇದ್ದ ಕಡೆ ಜಿಲ್ಲೆಗೇ ಇಬ್ಬರು ಅಂದರೆ ಅವರ ಸಿಟ್ಟಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ.